ಗಡಿ ತಪಾಸಣೆ ಬಿಗಿಯಾದಾಗ ಲೋಡ್ ಕಳಿಸುವುದು ಹೇಗೆ? ರಾಯಚೂರು ಗಂಜ್‌ನಿಂದ ಒಂದಿಷ್ಟು ಕೆಲಸದ ಮಾತು

ಲಿಂಗಸುಗೂರು, ಮಾನ್ವಿ ರಸ್ತೆ ಬಿಟ್ಟರೆ ರಾಯಚೂರಿನಿಂದ ಯಾವ ಕಡೆ ಗಾಡಿ ಹೊರಟರೂ ಮುಂದೆ ಬೇರೆ ರಾಜ್ಯ. ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣ. ಗದ್ವಾಲ್ ರಸ್ತೆ ಹಿಡಿದರೂ ತೆಲಂಗಾಣ. ಗಿಲ್ಲೇಸುಗೂರು ದಾಟಿ ಮಂತ್ರಾಲಯದ ಕಡೆ ಹೋದರೆ ತುಂಗಭದ್ರೆಯ ಆಚೆ ಆಂಧ್ರ. ಬಳ್ಳಾರಿಯವರದೂ ಇದೇ ಕಥೆ. ಗುಂತಕಲ್, ಆಲೂರು, ರಾಯದುರ್ಗ ಎಲ್ಲ ಆಚೆಗಿನ ಊರುಗಳೇ. ಇಲ್ಲಿ ಸೊಸೆ ತವರಿಗೆ ಹೋಗುವುದಕ್ಕೂ ಗಡಿ ದಾಟಬೇಕು, ಅಕ್ಕಿ ಲೋಡೂ ದಾಟಬೇಕು.

ದಿನಾ ದಾಟುವ ಗಡಿ, ಹಾಗಾಗಿ ಅದು ಕಣ್ಣಿಗೇ ಬೀಳುವುದಿಲ್ಲ. ತಪಾಸಣೆ ಬಿಗಿಯಾದ ದಿನ ಮಾತ್ರ ಬೀಳುತ್ತದೆ. ನಾನು ಗಂಜ್‌ನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಅಕ್ಕಿ ಮತ್ತು ಹತ್ತಿ ಲೋಡುಗಳ ಕಾಗದ ಮಾಡುವವನು. ಗಾಡಿ ನಿಂತಿತು ಅಂತ ಡ್ರೈವರ್ ಫೋನ್ ಮಾಡುವುದು ನನಗೇ, ಅದೂ ರಾತ್ರಿಯೇ. ಈ ಕೆಲಸದಲ್ಲಿ ನನಗೆ ಅರ್ಥವಾದದ್ದು ಒಂದೇ. ಗಡಿಯಲ್ಲಿ ದಿನಗಟ್ಟಲೆ ನಿಲ್ಲುವ ಗಾಡಿಗಳಲ್ಲಿ ಹೆಚ್ಚಿನವು ಮಿಲ್ಲಿನ ಕಾಟಾ (ಗಾಡಿ ತೂಗುವ ಜಾಗ) ಬಿಡುವಾಗಲೇ ನಿಲ್ಲುವ ತಯಾರಿ ಮಾಡಿಕೊಂಡು ಹೋಗಿರುತ್ತವೆ. ಆ ತಯಾರಿ ಮಾಡಿ ಕಳಿಸುವವರು ನಾವೇ.

ಸಾಲು ಬೆಳೆಯುವ ಲೆಕ್ಕ

ಮೊದಲು ಈ ಸಣ್ಣ ಲೆಕ್ಕ ನೋಡಿ. ಒಂದು ಕಡೆ ಗಂಟೆಗೆ 30 ಲಾರಿ ಬರುತ್ತವೆ. ಒಂದೊಂದನ್ನು ನೋಡಲು 2 ನಿಮಿಷ. ಬಂದಷ್ಟೂ ಹೋಗುತ್ತವೆ, ಸಾಲೇ ಇಲ್ಲ. ಈಗ ಮೇಲಿನಿಂದ ಆದೇಶ ಬಂತು, ಪ್ರತಿ ಗಾಡಿಗೆ 3 ನಿಮಿಷ. ಬರೀ ಒಂದು ನಿಮಿಷ ಜಾಸ್ತಿ, ಅಲ್ವಾ? ಆದರೆ ಈಗ ಗಂಟೆಗೆ 20 ಮಾತ್ರ ದಾಟುತ್ತವೆ, 10 ಉಳಿಯುತ್ತವೆ. ಆರು ಗಂಟೆಯಲ್ಲಿ 60 ಲಾರಿ ಸಾಲು. ಕೊನೆಯವನು ಮೂರು ಗಂಟೆ ಕಾಯಬೇಕು. ಸಂಜೆ ಹೊತ್ತಿಗೆ ಮತ್ತೆ 2 ನಿಮಿಷಕ್ಕೆ ಇಳಿಸಿದರೂ ಆ ಸಾಲು ಕರಗುವುದಿಲ್ಲ. ಹೊಸ ಗಾಡಿಗಳು ಬರುತ್ತಲೇ ಇರುತ್ತವೆ. ಬರುವ ಗಾಡಿ ಕಡಿಮೆಯಾದ ಮೇಲೇ ಅದು ಸಣ್ಣದಾಗುವುದು.

ಇದು ನಮ್ಮಲ್ಲಷ್ಟೇ ಅಲ್ಲ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯ ಮೆಕ್ಸಿಕೊದಿಂದ ಬರುವ ಪ್ರತಿ ಲಾರಿಯನ್ನೂ ಕೂಲಂಕಷವಾಗಿ ನೋಡಲು ಹೊರಟಿತು. ಕಸ್ಟಮ್ಸ್‌ನವರು ಒಮ್ಮೆ ನೋಡಿ ಬಿಟ್ಟ ಗಾಡಿಯನ್ನು ರಾಜ್ಯದ ಪೊಲೀಸರು ಮತ್ತೆ ನೋಡುತ್ತಿದ್ದರು. ತರಕಾರಿ ತುಂಬಿದ ಲಾರಿಗಳು ಸೇತುವೆಗಳ ಮೇಲೆ ಗಂಟೆಗಟ್ಟಲೆ ನಿಂತವು, ಅಲ್ಲಿನ ಡ್ರೈವರ್‌ಗಳು ರೊಚ್ಚಿಗೆದ್ದು ರಸ್ತೆಯನ್ನೇ ತಡೆದರು. ಹತ್ತೇ ದಿನದಲ್ಲಿ ಆ ತಪಾಸಣೆ ಕೈಬಿಡಬೇಕಾಯಿತು.

ಸಾಲು ನಮ್ಮ ಕೈಯಲ್ಲಿಲ್ಲ. ಸಾಲಿನ ಮುಂದೆ ಹೋದ ಮೇಲೆ ನಮ್ಮ ಗಾಡಿ ಮೂರು ನಿಮಿಷದಲ್ಲಿ ಬಿಡುತ್ತದೋ ಅಥವಾ ಪಕ್ಕಕ್ಕೆ ಹಾಕಿಸುತ್ತಾರೋ, ಅದು ಮಾತ್ರ ನಮ್ಮ ಕೈಯಲ್ಲಿದೆ.

ಮೊದಲ ಕೆಲಸ: ನಿಲ್ಲಿಸುವವರು ಯಾರು?

'ಚೆಕ್‌ಪೋಸ್ಟ್' ಅಂತ ಎಲ್ಲರೂ ಒಂದೇ ಮಾತಲ್ಲಿ ಹೇಳುತ್ತಾರೆ. ಅದು ಒಂದಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಗಡಿಯಲ್ಲಿದ್ದ ಹಳೇ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದು ಹೋದವು. ಈಗ ತೆರಿಗೆಯವರು ಜೀಪಿನಲ್ಲಿ ಬರುತ್ತಾರೆ, ಎಲ್ಲಿ ಬೇಕಾದರೂ ಕೈ ತೋರಿಸುತ್ತಾರೆ. ಅವರು ಕೇಳುವುದು ಬಿಲ್ಲು ಮತ್ತು ಇ-ವೇ ಬಿಲ್ಲು, ಅಂದರೆ ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ. ಆರ್‌ಟಿಒ ಕೇಳುವುದು ಆರ್‌ಸಿ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಪತ್ರ), ಇನ್ಶೂರೆನ್ಸ್, ಪರ್ಮಿಟ್, ತೂಕ. ಆಹಾರ ಇಲಾಖೆಯವರಿಗೆ ಲೋಡಿನಲ್ಲಿರುವುದು ಪಡಿತರ ಅಕ್ಕಿಯೋ ಅಲ್ಲವೋ ಅನ್ನುವುದಷ್ಟೇ ಬೇಕು. ಎಪಿಎಂಸಿಯವರಿಗೆ ಪರ್ಮಿಟ್. ಚುನಾವಣೆ ಬಂದರೆ ಫ್ಲೈಯಿಂಗ್ ಸ್ಕ್ವಾಡ್ ಮತ್ತು ಸ್ಥಿರ ಕಣ್ಗಾವಲು ತಂಡ. ಅವರ ಕಣ್ಣು ನಗದು, ಸೀರೆ, ಹೆಂಡದ ಮೇಲೆ.

ನಿಲ್ಲಿಸಿದವರು ಯಾರು ಅಂತ ಗೊತ್ತಿಲ್ಲದ ಡ್ರೈವರ್ ಎಲ್ಲ ಕಾಗದ ಒಟ್ಟಿಗೇ ಕೈಗಿಡುತ್ತಾನೆ. ಕೇಳದ ಕಾಗದದಲ್ಲಿ ಕೇಳದ ತಪ್ಪು ಸಿಗುತ್ತದೆ. ನಾವೀಗ ಮೂರು ಪ್ಲಾಸ್ಟಿಕ್ ಕವರ್ ಮಾಡುತ್ತೇವೆ. ಕೆಂಪಿನಲ್ಲಿ ಗಾಡಿಯ ಕಾಗದ, ಹಸಿರಿನಲ್ಲಿ ಸರಕಿನ ಕಾಗದ, ಬಿಳಿಯದರಲ್ಲಿ ಮಿಲ್ಲಿನ ದಾಖಲೆ. ಓದು ಬರದ ಡ್ರೈವರ್‌ಗೂ ಬಣ್ಣ ಗೊತ್ತಾಗುತ್ತದೆ. ಗಾಡಿಯ ಕಾಗದ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದರೂ ನಡೆಯುತ್ತದೆ, ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ಆದರೆ ಗಡಿಯ ಹೊಲದ ನಡುವೆ ರಾತ್ರಿ ಎರಡಕ್ಕೆ ನೆಟ್‌ವರ್ಕ್ ಸಿಗುತ್ತದೆ ಅನ್ನುವ ನಂಬಿಕೆ ಮೇಲೆ ₹25 ಲಕ್ಷದ ಲೋಡ್ ಕಳಿಸಬೇಡಿ.

ಎರಡನೇ ಕೆಲಸ: ಕಾಟಾ ಬಿಡುವ ಮುಂಚೆ

ಇದರ ಮೇಲೆ ಜಾಸ್ತಿ ಹೊತ್ತು ಕೊಡಿ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ತೂಕದಿಂದ ಶುರು ಮಾಡೋಣ. ಹತ್ತು ಚಕ್ರದ ಲಾರಿಗೆ ಗಾಡಿ, ಸರಕು ಎರಡೂ ಸೇರಿ 28.5 ಟನ್ ಮಿತಿ. ಮೀರಿದರೆ ₹20,000 ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ ₹2,000. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಸಿಕ್ಕಿಬೀಳುವುದು ಬೇರೆ ಕಡೆ. 26 ಕೆಜಿಯ 700 ಚೀಲ ಅಕ್ಕಿ ಹೇರಿದಿರಿ ಅಂತ ಇಟ್ಟುಕೊಳ್ಳಿ. ಬಿಲ್ಲಿನಲ್ಲಿ 182 ಕ್ವಿಂಟಲ್. ಖಾಲಿ ಚೀಲವೇ ಒಂದೊಂದು 100 ಗ್ರಾಂ ತೂಗಿದರೆ ಅಲ್ಲೇ 70 ಕೆಜಿ ಮೇಲೆ. ಡ್ರೈವರ್ ಖಾಲಿ ಕಾಟಾ ಮಾಡಿಸಿ, ಆಮೇಲೆ ಬಂಕಿಗೆ ಹೋಗಿ 300 ಲೀಟರ್ ಡೀಸೆಲ್ ಹಾಕಿಸಿ, ಬಂದು ಲೋಡ್ ಮಾಡಿಸಿ ತುಂಬಿದ ಕಾಟಾ ಮಾಡಿಸುತ್ತಾನೆ. ಆ ಡೀಸೆಲ್ಲೇ 250 ಕೆಜಿ ಹತ್ತಿರ. ಈಗ ಬಿಲ್ಲಿಗೂ ಕಾಟಾ ಚೀಟಿಗೂ ಮೂರು ಕ್ವಿಂಟಲ್‌ಗಿಂತ ಜಾಸ್ತಿ ವ್ಯತ್ಯಾಸ. ಗಡಿಯಲ್ಲಿ ನಿಂತ ಅಧಿಕಾರಿಗೆ ಅದು ಡೀಸೆಲ್ ಅಂತ ಹೇಗೆ ಗೊತ್ತಾಗಬೇಕು? ಬಿಲ್ಲಿಲ್ಲದ ಹನ್ನೆರಡು ಚೀಲ ಅಂತಲೇ ಅವರಿಗೆ ಕಾಣುತ್ತದೆ. ಹಾಗಾಗಿ ನಿಯಮ ಒಂದೇ: ಡೀಸೆಲ್ ಮೊದಲು, ಖಾಲಿ ಕಾಟಾ ಆಮೇಲೆ. ಚೀಲದ ತೂಕ ಬಿಲ್ಲಿನಲ್ಲೇ ಬೇರೆ ಬರೆಯಿರಿ.

ಚೀಲಗಳನ್ನು ಎಣಿಸುವ ಹಾಗೆ ಹೇರಿಸಿ. ಹಮಾಲರಿಗೆ ಹೇಳಿದರೆ ಒಂದೊಂದು ಸಾಲಿಗೆ ಒಂದೇ ಲೆಕ್ಕ ಇಡುತ್ತಾರೆ. ಹಿಂದಿನ ಡಾಲಾ ಬಿಚ್ಚಿದರೆ ಉದ್ದ, ಅಗಲ, ಎತ್ತರ ಗುಣಿಸಿ ಚೀಲ ಎಣಿಸುವಂತಿದ್ದರೆ ಕೆಳಗಿಳಿಸಿ ಎಣಿಸಬೇಕಾಗಿಲ್ಲ. ಹೇಗೆ ಬೇಕೋ ಹಾಗೆ ತುರುಕಿದ ಲೋಡನ್ನು ಇಳಿಸಿ ಎಣಿಸಿ ಮತ್ತೆ ಹೇರಲು ಅರ್ಧ ದಿನ ಬೇಕು. ಗಡಿಯಲ್ಲಿ ಹಮಾಲಿ ರೇಟು ನಮ್ಮ ಗಂಜ್ ರೇಟಲ್ಲ.

ಅಕ್ಕಿಯವರು 25 ಕೆಜಿಯ ಗೆರೆ ನೆನಪಿಡಿ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿಗೆ 5% ಜಿಎಸ್‌ಟಿ. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಗಂಗಾವತಿ, ಸಿಂಧನೂರು, ರಾಯಚೂರಿನ ಮಿಲ್ಲುಗಳಲ್ಲಿ 26 ಕೆಜಿ ಚೀಲ ಹುಟ್ಟಿದ್ದು ಇದಕ್ಕೇ. ತೆರಿಗೆ ಇಲ್ಲದ ಅಕ್ಕಿಗೆ ಇ-ವೇ ಬಿಲ್ ಬೇಡ. ಬಿಲ್ ಆಫ್ ಸಪ್ಲೈ (ತೆರಿಗೆ ಇಲ್ಲದ ಸರಕಿನ ಬಿಲ್ಲು), ಎಲ್‌ಆರ್ (ಲಾರಿ ಆಫೀಸಿನವರ ರಸೀದಿ), ಕಾಟಾ ಚೀಟಿ ಸಾಕು. ಆದರೆ ಅದೇ ಗಾಡಿಯಲ್ಲಿ ಯಾರೋ ಕೇಳಿದರು ಅಂತ 10 ಕೆಜಿಯ ನೂರಿನ್ನೂರು ಚೀಲ ಸೇರಿಸಿದರೆ ಅವಕ್ಕೆ ತೆರಿಗೆ ಇದೆ. ₹50,000 ದಾಟಿದರೆ ಇ-ವೇ ಬಿಲ್ಲೂ ಬೇಕು. 'ಇದು 26ರ ಲೋಡು' ಅಂತ ಬಾಯಲ್ಲಿ ಹೇಳುತ್ತಾ ಹೋದ ಡ್ರೈವರ್ ಅಲ್ಲಿ ತಡವರಿಸುತ್ತಾನೆ. ಬೆರಕೆ ಲೋಡಿಗೆ ಎರಡು ಬಿಲ್ ಮಾಡಿ.

ಇನ್ನು ಪಡಿತರ ಅಕ್ಕಿಯ ಅನುಮಾನ. ಇದು ನಮ್ಮ ಈ ಭಾಗದ ಅಕ್ಕಿಗೆ ಅಂಟಿಕೊಂಡ ಕಾಟ. ಯಾರೋ ಕದ್ದು ಸಾಗಿಸುತ್ತಾರೆ, ಸರಿಯಾದವರ ಲೋಡು ನಿಲ್ಲುತ್ತದೆ. 2024ರ ನವೆಂಬರ್ ಕೊನೆಗೆ ಆಂಧ್ರದ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಕಾಕಿನಾಡ ಬಂದರಿಗೇ ಹೋಗಿ ಪಡಿತರ ಅಕ್ಕಿಯ ವಿಷಯ ಎತ್ತಿದರು. ಆಫ್ರಿಕಾಕ್ಕೆ ಹೊರಟಿದ್ದ ಹಡಗೊಂದು ವಾರಗಟ್ಟಲೆ ಅಲ್ಲೇ ನಿಂತಿತು. ಹಡಗೇ ನಿಂತ ಮೇಲೆ ಲಾರಿಯ ಪಾಡೇನು?

ಅನುಮಾನ ಬಂದವರು ಚೀಲಕ್ಕೆ ಬೊಂಬು ಚುಚ್ಚಿ ಒಂದು ಹಿಡಿ ಅಕ್ಕಿ ತೆಗೆದು ಅಂಗೈ ಮೇಲೆ ಹರಡುತ್ತಾರೆ, ಟಾರ್ಚ್ ಹಿಡಿದು ನೋಡುತ್ತಾರೆ. ಅವರು ಹುಡುಕುವುದು ಸಾರವರ್ಧಿತ, ಅಂದರೆ ಪೋಷಕಾಂಶ ಸೇರಿಸಿದ, ಕಾಳನ್ನು. ಪಡಿತರಕ್ಕೆ 100 ಕೆಜಿ ಅಕ್ಕಿಗೆ 1 ಕೆಜಿಯಂತೆ ಆ ಕಾಳು ಬೆರೆಸುವ ಪದ್ಧತಿ ಬಂದ ಮೇಲೆ ಪತ್ತೆ ಹಚ್ಚುವುದು ಸುಲಭವಾಯಿತು. ಅದು ಹಿಟ್ಟಿನಿಂದ ಮಾಡಿದ ಕಾಳು, ಬಣ್ಣ ಸ್ವಲ್ಪ ಬೇರೆ. ಪಾಲಿಶ್ ಹೊಡೆದರೂ ಪೂರ್ತಿ ಹೋಗುವುದಿಲ್ಲ. ನಿಮ್ಮ ಅಕ್ಕಿ ನಿಮ್ಮ ಮಿಲ್ಲಿನದೇ ಆಗಿದ್ದರೆ ಹೆದರಬೇಡಿ, ಆದರೆ ತೋರಿಸಲು ಏನಾದರೂ ಇರಲಿ. ಭತ್ತ ಕೊಂಡ ಚೀಟಿ, ಮಿಲ್ಲಿನ ರಿಜಿಸ್ಟರಿನ ಆ ದಿನದ ಪುಟದ ನಕಲು, ಬ್ಯಾಚ್ ನಂಬರ್. ಇವು ಬಿಳಿ ಕವರಿನಲ್ಲಿ. ಹೆಸರಿಲ್ಲದ ಬಿಳಿ ಚೀಲದಲ್ಲಿ ಅಕ್ಕಿ ಕಳಿಸಿದರೆ ನೀವೇ ಕರೆದು ನಿಲ್ಲಿಸಿಕೊಂಡ ಹಾಗೆ.

ಕೊನೆಗೆ ಇ-ವೇ ಬಿಲ್. ಗಾಡಿ ನಂಬರನ್ನು ಎಲ್‌ಆರ್ ನೋಡಿ ಹೊಡೆಯಬೇಡಿ. ಹೊರಗೆ ಹೋಗಿ ಗಾಡಿಯ ಮುಂದೆ ನಿಂತು, ಪ್ಲೇಟ್ ನೋಡಿ ಹೊಡೆಯಿರಿ. ಇದು ಹುಡುಗಾಟದ ಮಾತಲ್ಲ. ಲಾರಿ ಆಫೀಸಿನವರು ಬೆಳಿಗ್ಗೆ ಹೇಳಿದ ಗಾಡಿ ಬೇರೆ, ಸಂಜೆ ಬಂದು ನಿಂತ ಗಾಡಿ ಬೇರೆ ಆಗಿರುತ್ತದೆ.

ಅವಧಿಯನ್ನೂ ನೋಡಿ. 200 ಕಿಮೀಗೆ ಒಂದು ದಿನ. ಮೊದಲ ದಿನ ಮುಗಿಯುವುದು ಮರುದಿನ ಮಧ್ಯರಾತ್ರಿಗೆ. ಸಾಲಿನಲ್ಲಿ ಕಾಯುತ್ತಿರುವಾಗಲೇ ಅವಧಿ ಮುಗಿಯುವ ಹಾಗಿದ್ದರೆ, ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ವಿಸ್ತರಿಸಬಹುದು. ಆ ಕಿಟಕಿ ಮುಚ್ಚಿದರೆ ಮುಗಿಯಿತು. ನಾನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತೇನೆ. ಮನೆಯಲ್ಲಿ ಬೈಸಿಕೊಳ್ಳುವುದೂ ಇದೆ.

ಮೂರನೆಯದು: ಕಾಲ ನೋಡಿ ಹೊರಡಿ

ನಮಗೆ ಚುನಾವಣೆ ಅಂದರೆ ನಮ್ಮದಷ್ಟೇ ಅಲ್ಲ. 2023ರ ಮೇ 10ಕ್ಕೆ ನಮ್ಮ ವಿಧಾನಸಭೆ, ನವೆಂಬರ್ 30ಕ್ಕೆ ತೆಲಂಗಾಣದ್ದು, 2024ರ ಮೇ 7ಕ್ಕೆ ನಮ್ಮ ಲೋಕಸಭೆ, 13ಕ್ಕೆ ಆಂಧ್ರ ಮತ್ತು ತೆಲಂಗಾಣದ್ದು. ಒಂದೇ ವರ್ಷದಲ್ಲಿ ಗಡಿಯ ಯಾವುದೋ ಒಂದು ಬದಿಯಲ್ಲಿ ಬ್ಯಾರಿಕೇಡ್ ಇದ್ದೇ ಇತ್ತು. ಪಕ್ಕದ ರಾಜ್ಯದ ನೀತಿ ಸಂಹಿತೆ ಯಾವಾಗ ಶುರು ಅನ್ನುವುದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಆ ದಿನಗಳಲ್ಲಿ ಸರಕಿಗಿಂತ ನಗದು ದೊಡ್ಡ ತಲೆನೋವು. ಆಚೆ ಊರಿನ ರೈತರಿಗೆ ಭತ್ತದ ದುಡ್ಡು ಕೊಡಲು ಹೋಗುವವರು ₹50,000ಕ್ಕಿಂತ ಜಾಸ್ತಿ ಒಯ್ದರೆ ದಾಖಲೆ ಬೇಕು. ಬ್ಯಾಂಕಿನಿಂದ ತೆಗೆದ ಚೀಟಿ, ಖರೀದಿ ಪಟ್ಟಿ, ಗುರುತಿನ ಚೀಟಿ. ಆದರೂ ಹಿಡಿದರೆ ಠಾಣೆ ಮುಂದೆ ಕೂರಬೇಡಿ. ಪ್ರತಿ ಜಿಲ್ಲೆಯಲ್ಲೂ ಇದಕ್ಕೇ ಮೂವರು ಅಧಿಕಾರಿಗಳ ಸಮಿತಿ ಇರುತ್ತದೆ. ಜಿಲ್ಲಾ ಪಂಚಾಯತಿ ಸಿಇಒ, ಚುನಾವಣಾ ವೆಚ್ಚದ ನೋಡಲ್ ಅಧಿಕಾರಿ, ಖಜಾನೆ ಅಧಿಕಾರಿ. ಅರ್ಜಿ, ದಾಖಲೆ ಅಲ್ಲಿ ಕೊಡಿ. ಅಭ್ಯರ್ಥಿ, ಪಕ್ಷದ ಸಂಬಂಧ ಇಲ್ಲ ಅಂತ ಕಂಡರೆ ಅವರು ಬಿಡಿಸುತ್ತಾರೆ. ₹10 ಲಕ್ಷ ಮೀರಿದ್ದರೆ ಆದಾಯ ತೆರಿಗೆಯವರಿಗೆ ಹೇಳುತ್ತಾರೆ. ಎಲ್ಲಕ್ಕಿಂತ ಒಳ್ಳೆಯದು, ಬ್ಯಾಂಕಿನಲ್ಲೇ ಹಾಕಿಬಿಡಿ.

ಇನ್ನೊಂದು ಭತ್ತದ ಸುಗ್ಗಿ. ತೆಲಂಗಾಣ ಸರ್ಕಾರ ಸಣ್ಣ ಭತ್ತಕ್ಕೆ ಬೆಂಬಲ ಬೆಲೆಯ ಮೇಲೆ ಕ್ವಿಂಟಲ್‌ಗೆ ₹500 ಬೋನಸ್ ಕೊಡಲು ಶುರು ಮಾಡಿದ ಮೇಲೆ, ಈಚಿನ ಭತ್ತ ಆಚೆಯ ಖರೀದಿ ಕೇಂದ್ರಕ್ಕೆ ಹೋಗಿಬಿಡುತ್ತದೆ ಅನ್ನುವುದು ಅವರ ಭಯ. ಭಯ ಸುಳ್ಳೇನಲ್ಲ ಬಿಡಿ. ಆದರೆ ಅಲ್ಲಿನ ಖಾಸಗಿ ಮಿಲ್ಲಿಗೆ ನೇರ ವ್ಯಾಪಾರ ಮಾಡಿದವರ ಟ್ರ್ಯಾಕ್ಟರ್, ಲಾರಿಯೂ ಅದೇ ಬಲೆಗೆ ಬೀಳುತ್ತದೆ. ಹಾಗೆ ಕಳಿಸುವುದಿದ್ದರೆ ಮಿಲ್ಲಿನವರ ಖರೀದಿ ಆರ್ಡರ್ ಅವರ ಲೆಟರ್‌ಹೆಡ್ಡಿನ ಮೇಲೆ ತರಿಸಿ, ಎಪಿಎಂಸಿ ಪರ್ಮಿಟ್ ಜತೆ ಇಡಿ. ಹಗಲು ಹೊತ್ತಿನಲ್ಲಿ ದೊಡ್ಡ ರಸ್ತೆಯಲ್ಲೇ ಕಳಿಸಿ. ಹೊಲದ ದಾರಿಯಲ್ಲಿ ಸುತ್ತಿ ಹೋದರೆ ಸಿಕ್ಕಿಬಿದ್ದಾಗ ಯಾವ ಕಾಗದವೂ ಉಳಿಸುವುದಿಲ್ಲ. ಕೆಲವೊಮ್ಮೆ ಎಲ್ಲ ಇದ್ದರೂ ವಾಪಸ್ ಕಳಿಸುತ್ತಾರೆ. ಆಗ ವಾದಕ್ಕೆ ನಿಲ್ಲದೆ ಇಲ್ಲೇ ಮಾರಿಬಿಡುವುದು ಲಾಭ. ತೇವದ ಭತ್ತ ಗಾಡಿಯಲ್ಲಿ ಎರಡು ದಿನ ನಿಂತರೆ ಬಿಸಿ ಏಳುತ್ತದೆ.

ದಾರಿಯಲ್ಲಿ ಗಾಡಿ ಬದಲಾದರೆ

ಇದು ನನ್ನ ಕೈಯಿಂದಲೇ ಆದ ತಪ್ಪು. ಹತ್ತಿ ಬೇಲುಗಳ ಲೋಡ್, ತಮಿಳುನಾಡಿನ ನೂಲಿನ ಮಿಲ್ಲಿಗೆ. ಗಡಿ ದಾಟಿದ ಮೇಲೆ ರಾತ್ರಿ ಆಕ್ಸಲ್ ಮುರಿಯಿತು. ಗಾಡಿ ಮಾಲೀಕ ಒಳ್ಳೆಯ ಮನುಷ್ಯ, ಬೆಳಗಾಗುವುದರೊಳಗೆ ಬೇರೆ ಗಾಡಿ ಹೊಂದಿಸಿ ಬೇಲು ಬದಲಿಸಿ ಹೊರಡಿಸಿಬಿಟ್ಟ. ನನಗೆ ಫೋನ್ ಮಾಡಿ ಹೇಳಿದ. ನಾನು 'ಚಲೋ ಆಯ್ತು' ಅಂದು ಮಲಗಿದೆ. ಇ-ವೇ ಬಿಲ್ಲಿನ ಪಾರ್ಟ್ ಬಿಯಲ್ಲಿ ಹಳೇ ಗಾಡಿ ನಂಬರ್ ಹಾಗೇ ಇತ್ತು.

ಬೆಳಿಗ್ಗೆ ಗಾಡಿ ತಡೆದರು. ಸರಕಿನ ಬೆಲೆ ₹25 ಲಕ್ಷ, 5% ತೆರಿಗೆ ₹1.25 ಲಕ್ಷ. ಮಾಲೀಕ ಮುಂದೆ ಬಂದರೆ ದಂಡ ತೆರಿಗೆಯ 200%, ಅಂದರೆ ₹2.5 ಲಕ್ಷ. ಯಾರೂ ಬರದಿದ್ದರೆ ಸರಕಿನ ಬೆಲೆಯ ಅರ್ಧ, ₹12.5 ಲಕ್ಷ. ಗ್ಯಾರೇಜಿನ ಬಿಲ್ಲು, ಮುರಿದ ಆಕ್ಸಲ್ಲಿನ ಫೋಟೊ ಎಲ್ಲ ಕೊಟ್ಟೆವು. ಬ್ಯಾಂಕ್ ಗ್ಯಾರಂಟಿ ಮೇಲೆ ಗಾಡಿ ಬಿಡುಗಡೆಯಾದದ್ದು ಐದನೇ ದಿನ. ಫೋನಿನಲ್ಲೇ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ಅದು. ಪಾರ್ಟ್ ಬಿ ಬದಲಿಸದೆ ಎರಡನೇ ಗಾಡಿಯ ಚಕ್ರ ಉರುಳಬಾರದು. ಈಗ ಇದನ್ನು ಎಲ್‌ಆರ್ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ಸೀಲ್ ಹೊಡೆದು ಕಳಿಸುತ್ತೇವೆ.

ನಿಲ್ಲಿಸಿಯೇ ಬಿಟ್ಟರೆ

ಮೊದಲ ಅರ್ಧ ಗಂಟೆ ಡ್ರೈವರ್ ಏನೂ ಸಹಿ ಮಾಡಬಾರದು. ಕಾಗದ ತೋರಿಸಲಿ, ಕೇಳಿದ್ದಕ್ಕೆ ಉತ್ತರ ಕೊಡಲಿ, ನಿಮಗೆ ಫೋನ್ ಮಾಡಲಿ. ಆಮೇಲೆ ಅವನ ಹೇಳಿಕೆ ಬರೆದುಕೊಳ್ಳುತ್ತಾರೆ, ಅದು ಎಂಒವಿ-01. ಓದಿಸಿಕೊಂಡು ಸಹಿ ಮಾಡಲಿ. 'ಮಾಲು ಯಾರದು, ನನಗೆ ಗೊತ್ತಿಲ್ಲ' ಅನ್ನುವುದು ಡ್ರೈವರ್‌ಗಳ ಅಭ್ಯಾಸದ ಮಾತು. ಆ ಒಂದು ಸಾಲು ಹೇಳಿಕೆಯಲ್ಲಿ ಸೇರಿದರೆ ಮುಂದೆ ಎರಡು ದಿನ ವಿವರಣೆ ಕೊಡಬೇಕು. ಕಳಿಸಿದವರ ಹೆಸರು, ಮುಟ್ಟಿಸಬೇಕಾದವರ ಹೆಸರು, ಎರಡನ್ನೂ ಹೊರಡುವ ಮುಂಚೆ ಬಾಯಿಪಾಠ ಮಾಡಿಸಿ.

ಅರ್ಧ ಗಂಟೆ ಮೀರಿ ತಡೆದಿದ್ದರೆ ಟ್ರಾನ್ಸ್‌ಪೋರ್ಟ್‌ನವರು ಪೋರ್ಟಲ್‌ನಲ್ಲಿ ಇಡಬ್ಲ್ಯುಬಿ-04 ಅನ್ನುವ ನಮೂನೆ ತುಂಬಬಹುದು. ಹೆಚ್ಚಿನವರಿಗೆ ಇದು ಇರುವುದೇ ಗೊತ್ತಿಲ್ಲ. ಎಷ್ಟು ಹೊತ್ತಿಗೆ ತಡೆದರು ಅನ್ನುವುದಕ್ಕೆ ನಿಮ್ಮ ಕಡೆಯ ದಾಖಲೆ ಅದೇ. ತುಂಬಿ. ತಪಾಸಣೆ ಮಾಡಿದ ಅಧಿಕಾರಿಯೂ 24 ಗಂಟೆಯೊಳಗೆ ಸಂಕ್ಷಿಪ್ತ ವರದಿ, 3 ದಿನದೊಳಗೆ ಅಂತಿಮ ವರದಿ ಪೋರ್ಟಲ್‌ಗೆ ಹಾಕಬೇಕು. ಆ ವರದಿಯ ನಂಬರ್ ಕೇಳಿಟ್ಟುಕೊಳ್ಳಿ. ಒಂದು ರಾಜ್ಯದಲ್ಲಿ ಸರಕು ಬಿಚ್ಚಿ ನೋಡಿದ ಮೇಲೆ, ಹೊಸ ಖಚಿತ ಮಾಹಿತಿ ಇಲ್ಲದೆ ಮುಂದಿನ ರಾಜ್ಯದವರು ಮತ್ತೆ ಬಿಚ್ಚುವಂತಿಲ್ಲ. ಆ ನಂಬರ್ ತೋರಿಸಿದರೆ ಮುಂದಿನ ಸಾಲಿನಲ್ಲಿ ಸುಮ್ನೆ ಬಿಡುತ್ತಾರೆ. ಬಿಡದಿದ್ದರೂ ಕೇಳುವ ಹಕ್ಕು ನಿಮ್ಮದು.

ಸಣ್ಣ ತಪ್ಪಿಗೆ ದೊಡ್ಡ ದಂಡ ಕಟ್ಟಬೇಡಿ. 2018ರ ಸೆಪ್ಟೆಂಬರ್ 14ರ ಸುತ್ತೋಲೆ ಇದನ್ನು ಬಿಡಿಸಿ ಹೇಳಿದೆ. ಹೆಸರಿನ ಸ್ಪೆಲಿಂಗ್, ಪಿನ್ ಕೋಡ್, ಬಿಲ್ ನಂಬರಿನ ಒಂದೆರಡು ಅಂಕಿ, ಗಾಡಿ ನಂಬರಿನ ಒಂದೆರಡು ಅಕ್ಷರ ತಪ್ಪಿದ್ದರೆ 200% ಇಲ್ಲ. ಹೊರರಾಜ್ಯದ ಲೋಡಿಗೆ ₹1,000 ಅಷ್ಟೇ. ಈ ಸುತ್ತೋಲೆ, ನಂಬರ್ 64/38/2018, ಇದರ ಪ್ರಿಂಟ್ ಹಸಿರು ಕವರಿನ ತಳದಲ್ಲಿ ಯಾವಾಗಲೂ ಇರಲಿ. ಅಧಿಕಾರಿಯ ಮುಂದೆ ದನಿ ಏರಿಸುವುದಕ್ಕಿಂತ ಈ ಎರಡು ಹಾಳೆ ಮುಂದಿಡುವುದು ಕೆಲಸ ಮಾಡುತ್ತದೆ. ತೆರಿಗೆಯೇ ಇಲ್ಲದ ಸರಕಾದರೆ, ಮಾಲೀಕ ಮುಂದೆ ಬಂದಾಗ ಬೆಲೆಯ 2% ಅಥವಾ ₹25,000, ಇವೆರಡರಲ್ಲಿ ಕಡಿಮೆಯದು. ಇದನ್ನೂ ಬಹಳ ಜನ ಕೇಳದೆ ಜಾಸ್ತಿ ಕಟ್ಟಿ ಬರುತ್ತಾರೆ.

ದೊಡ್ಡ ತಪ್ಪೇ ಆಗಿದ್ದರೆ, ತಡೆದ 7 ದಿನದೊಳಗೆ ನೋಟಿಸ್ ಬರಬೇಕು, ನೋಟಿಸ್ ಮುಟ್ಟಿದ 7 ದಿನದೊಳಗೆ ಆದೇಶ. ದಂಡ ಕಟ್ಟಿ ಗಾಡಿ ಬಿಡಿಸಿಕೊಂಡರೂ ಲಿಖಿತ ಆದೇಶ ಕೇಳಿ ಪಡೆಯಿರಿ. ಉತ್ತರ ಪ್ರದೇಶದಲ್ಲಿ ತಡೆದ ಅಡಿಕೆ ಲೋಡಿನ ಪ್ರಕರಣದಲ್ಲಿ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ಹಣ ಕಟ್ಟಿದ ಮಾತ್ರಕ್ಕೆ ಕಾರಣ ಬರೆದ ಆದೇಶ ಕೊಡದೆ ಇರುವಂತಿಲ್ಲ. ಆದೇಶ ಇಲ್ಲದಿದ್ದರೆ ಮೇಲ್ಮನವಿ ಇಲ್ಲ. ಮೇಲ್ಮನವಿಗೆ ದಂಡದ 10% ಮೊದಲೇ ಕಟ್ಟಬೇಕು ಅನ್ನುವುದೂ ಲೆಕ್ಕದಲ್ಲಿರಲಿ.

ಒಂದು ಸಣ್ಣ ವಿಷಯ. ಬಿಚ್ಚಿದ ತಾಡಪತ್ರಿಯನ್ನು ರಾತ್ರಿಯಲ್ಲಿ ಯಾರೂ ಸರಿಯಾಗಿ ಕಟ್ಟುವುದಿಲ್ಲ. ತಪಾಸಣೆ ಮುಗಿದ ಖುಷಿಯಲ್ಲಿ ನಾಲ್ಕು ಗಂಟು ಹಾಕಿ ಹೊರಡುತ್ತಾರೆ. ಮುಂದೆ ಮಳೆ ಬಂದರೆ ಮೇಲಿನ ಸಾಲು ಚೀಲ ಮುಗ್ಗಲು, ಹತ್ತಿಯಾದರೆ ಬೇಲು ನೀರು ಕುಡಿಯುತ್ತದೆ. ಕೊಳ್ಳುವ ಪಾರ್ಟಿ ಅದಕ್ಕೆ ರೇಟು ಕಡಿಯುತ್ತಾನೆ. ಹಗ್ಗ ಮತ್ತೆ ಕಟ್ಟಿದ ಮೇಲೆ ನಾಲ್ಕೂ ಕಡೆಯಿಂದ ಫೋಟೊ ಕಳಿಸಲು ಹೇಳಿ. ಫೋಟೊ ಕೇಳುತ್ತಾರೆ ಅಂದರೆ ಗಂಟು ತಾನಾಗೇ ಬಿಗಿಯಾಗುತ್ತದೆ.

ಹಾಲ್ಟಿಂಗ್ ಯಾರ ತಲೆಗೆ?

ಲೋಡ್ ಹೊರಡುವ ಮುಂಚೆ ಮಾತಾಡಿ. ಕಾಗದದ ತಪ್ಪಿಗೆ ನಿಂತರೆ ಹಾಲ್ಟಿಂಗ್, ಅಂದರೆ ಗಾಡಿ ನಿಂತ ದಿನಗಳ ಬಾಡಿಗೆ, ಕಳಿಸಿದವರದು. ಎಫ್‌ಸಿ, ಇನ್ಶೂರೆನ್ಸ್ ಇಲ್ಲದೆ ನಿಂತರೆ ಗಾಡಿಯವರದು. ಬರೀ ಸಾಲಿನಲ್ಲಿ ನಿಂತರೆ? ಜಗಳ ಆಗುವುದು ಇಲ್ಲೇ. ನಾವು ಮೊದಲ ದಿನ ಬಿಟ್ಟು, ಎರಡನೇ ದಿನದಿಂದ ಅರ್ಧ ಅರ್ಧ ಅಂತ ಎಲ್‌ಆರ್ ಹಿಂದೆ ಬರೆಯುತ್ತೇವೆ. ನಿಮ್ಮ ಒಪ್ಪಂದ ಬೇರೆ ಇರಬಹುದು, ಬರೆದಿರಲಿ ಅಷ್ಟೇ.

ದೇಶದ ಗಡಿ ದಾಟುವ ಲೋಡ್

ಇಲ್ಲಿ ತಪಾಸಣೆ ಮಾತ್ರ ಅಲ್ಲ, ಬಾಗಿಲೇ ಮುಚ್ಚಬಹುದು. ಬಿಳಿ ಅಕ್ಕಿ ರಫ್ತನ್ನು 2023ರ ಜುಲೈ 20ಕ್ಕೆ ನಿಲ್ಲಿಸಿದರು, ತೆರೆದದ್ದು 2024ರ ಸೆಪ್ಟೆಂಬರ್ 28ಕ್ಕೆ. ಈಗ, 2025ರ ಸೆಪ್ಟೆಂಬರ್‌ನಿಂದ, ಬಾಸ್ಮತಿ ಅಲ್ಲದ ಅಕ್ಕಿಯ ರಫ್ತು ಕರಾರನ್ನು ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೇಡಾದಲ್ಲಿ ನೋಂದಾಯಿಸಬೇಕು. ಬಾಂಗ್ಲಾದೇಶದಲ್ಲಿ 2024ರ ಆಗಸ್ಟ್‌ನಲ್ಲಿ ಸರ್ಕಾರ ಬಿದ್ದಾಗ ಪೆಟ್ರಾಪೋಲ್ ಗಡಿಯಲ್ಲಿ ಕೆಲವು ದಿನ ಲಾರಿಗಳು ನಿಂತೇ ಇದ್ದವು. 2025ರ ಏಪ್ರಿಲ್‌ನಲ್ಲಿ ಆ ದೇಶ ಭಾರತದ ನೂಲು ಭೂಗಡಿಯಿಂದ ಬರುವುದನ್ನು ನಿಲ್ಲಿಸಿತು. ನಮ್ಮ ಹತ್ತಿ ನೇರ ಅಲ್ಲಿಗೆ ಹೋಗದಿದ್ದರೂ, ಅದನ್ನು ಕೊಳ್ಳುವ ನೂಲಿನ ಮಿಲ್ಲುಗಳ ಕೈ ಹಿಂದಾದರೆ ರಾಯಚೂರು ಹರಾಜಿನಲ್ಲಿ ಕೂಗು ಇಳಿಯುತ್ತದೆ. ಅದೇ ಏಪ್ರಿಲ್ ಕೊನೆಗೆ ಪಹಲ್ಗಾಮ್ ದಾಳಿಯ ನಂತರ ಅಟಾರಿ ಗಡಿಯೂ ಮುಚ್ಚಿತು.

ಪೆಟ್ರಾಪೋಲ್‌ಗೆ ಕಳಿಸುವವರು ಸ್ಲಾಟ್ ಮೊದಲು, ಲೋಡ್ ಆಮೇಲೆ ಅನ್ನುವುದನ್ನು ರೂಢಿ ಮಾಡಿಕೊಳ್ಳಿ. ಪಶ್ಚಿಮ ಬಂಗಾಳದ 'ಸುವಿಧಾ' ಪೋರ್ಟಲ್‌ನಲ್ಲಿ ಗಾಡಿಯ ಸರದಿ ಬುಕ್ ಆಗಬೇಕು. ಇಲ್ಲಿಂದ 1,700 ಕಿಮೀ ಮೇಲೆ, ಇ-ವೇ ಬಿಲ್ಲಿಗೆ 9 ದಿನ ಸಿಗುತ್ತದೆ. ಸರದಿ ಹತ್ತನೇ ದಿನ ಇದ್ದರೆ ಏನು ಮಾಡುತ್ತೀರಿ? ಬೋನಗಾಂವ್‌ನಲ್ಲಿ ಗಾಡಿ ಬದಲಿಸಿದರೆ ಮತ್ತೆ ಅದೇ ಪಾರ್ಟ್ ಬಿ. ಶಿಪ್ಪಿಂಗ್ ಬಿಲ್, ಸಸ್ಯ ಆರೋಗ್ಯ ಪ್ರಮಾಣಪತ್ರ, ಧೂಮೀಕರಣದ ಪ್ರಮಾಣಪತ್ರ, ಮೂಲದ ಪ್ರಮಾಣಪತ್ರ, ಇವುಗಳಲ್ಲಿ ಚೀಲದ ಲೆಕ್ಕ ಮತ್ತು ನಿವ್ವಳ ತೂಕ ಅಕ್ಷರಶಃ ಒಂದೇ ಇರಬೇಕು. ಎಲ್‌ಸಿಯಲ್ಲಿ (ದುಡ್ಡಿಗೆ ಬ್ಯಾಂಕ್ ಕೊಡುವ ಖಾತರಿ ಪತ್ರದಲ್ಲಿ) ಸರಕು ಸಾಗಿಸುವ ಕೊನೆಯ ದಿನಾಂಕಕ್ಕೆ ಹತ್ತು ದಿನವಾದರೂ ಸಡಿಲ ಕೇಳಿ. ಗಡಿ ಸಾಲನ್ನು ಬ್ಯಾಂಕ್ ಕಾಯುವುದಿಲ್ಲ. ಗಡಿಯ ಆಚೆ ಬಾಂಗ್ಲಾದೇಶದ ಬೆನಾಪೋಲ್ ಮುಟ್ಟಿಸಿ ಕೊಡುತ್ತೇವೆ ಅಂತ ಒಪ್ಪಿದ್ದರೆ ಆ ಸಾಲಿನ ಖರ್ಚೆಲ್ಲ ನಿಮ್ಮದೇ ಅನ್ನುವುದೂ ನೆನಪಿರಲಿ.

ಕಂಟೇನರಿನಲ್ಲಿ ಬಂದರಿಗೆ ಹೋಗುವವರು ಮಿಲ್ಲಿನಲ್ಲೇ ಆರ್‌ಎಫ್‌ಐಡಿ (ಎಲೆಕ್ಟ್ರಾನಿಕ್) ಸೀಲ್ ಹಾಕಿಸಿದರೆ ಬಂದರಿನಲ್ಲಿ ಬಾಗಿಲು ತೆರೆಯುವ ಪ್ರಸಂಗ ಕಡಿಮೆ. ಸೀಲ್ ನಂಬರ್ ಶಿಪ್ಪಿಂಗ್ ಬಿಲ್ಲಿನಲ್ಲಿ ಇರುವುದೇ ಆಗಿರಲಿ. ನಿಯಮಿತವಾಗಿ ರಫ್ತು ಮಾಡುವ ಸಣ್ಣ ಉದ್ಯಮದವರು ಕಸ್ಟಮ್ಸ್‌ನ ಎಇಒ ಟಿ1 ನೋಂದಣಿ ನೋಡಿ. ಎರಡು ವರ್ಷದ ವ್ಯವಹಾರ ಮತ್ತು ಹಿಂದಿನ ವರ್ಷ 10 ದಾಖಲೆ ಇದ್ದರೆ ಅರ್ಜಿ ಹಾಕಬಹುದು. ನಂಬಿಕಸ್ಥರ ಪಟ್ಟಿಯಲ್ಲಿರುವವರ ಸರಕಿಗೆ ತಪಾಸಣೆ ಕಡಿಮೆ. ಕೊಪ್ಪಳದ ದಾಳಿಂಬೆಯಂಥ ಕೆಡುವ ಮಾಲಿನವರಿಗೆ ಇದು ನಮಗಿಂತ ಜಾಸ್ತಿ ಉಪಯೋಗ.

ಗಾಡಿ ವಾಪಸ್ ಬಂದ ಮೇಲೆ

ಡ್ರೈವರ್‌ಗೆ ಚಹಾ ಕೊಟ್ಟು ಹತ್ತು ನಿಮಿಷ ಕೂರಿಸಿ. ಎಲ್ಲಿ ನಿಲ್ಲಿಸಿದರು, ಎಷ್ಟು ಹೊತ್ತು, ಯಾವ ಕಾಗದ ಕೇಳಿದರು, ಯಾವುದು ಸಿಗಲಿಲ್ಲ. ನಾನು ಹಳೇ ಲೆಡ್ಜರಿನಲ್ಲಿ ಬರೆದಿಡುತ್ತೇನೆ. ಹೋದ ಸುಗ್ಗಿಯ ಪುಟ ತಿರುವಿದರೆ ಜಾಸ್ತಿ ಸಲ ಕಾಣುವುದು 'ಕಾಟಾ ಚೀಟಿ ಹೊಂದಲಿಲ್ಲ'. ಡೀಸೆಲ್ ನಿಯಮ ಮಾಡಿದ್ದು ಆ ಪುಟ ನೋಡಿದ ಮೇಲೇ. ಈ ಸಲ ಅದೇ ಜಾಗದಲ್ಲಿ 'ಟಾರ್ಚ್ ಇರಲಿಲ್ಲ, ಬಿಲ್ಲು ಹುಡುಕಲು 20 ನಿಮಿಷ' ಅಂತ ಎರಡು ಕಡೆ ಬಂದಿದೆ. ನಾಳೆ ಬಜಾರಿಗೆ ಹೋದಾಗ ಆರು ಟಾರ್ಚ್ ತರಬೇಕು.